ಠಾಣೆಯಲ್ಲಿರುವ ಇಸ್ತ್ರಿ ಪೆಟ್ಟಿಗೆ

ಮನೆಯಿಂದ,
ಮಾರ್ಚ್ ಒಂಬತ್ತು, ಭಾನುವಾರ

ನನ್ನ ಹೊಟ್ಟೆ ಉರಿಸಲೆಂದೇ ಹುಟ್ಟಿದ ಮೊಮ್ಮಗನಿಗೆ ಅಜ್ಜಿಯ ಆಶೀರ್ವಾದ.

ಹೇಗಿದ್ದೀಯ? ಕೈ ನಡುಕ ಕಡಿಮೆಯಾಯಿತೇ? ನಿದ್ದೆ ಹತ್ತುತ್ತದೆಯೇ? ನಿನ್ನ ಕಾಗದದಲ್ಲಿ ಅಕ್ಷರಗಳು ಗೆರೆ ಬಿಟ್ಟು ಓಡಿರಲಿಲ್ಲ, ಅದನ್ನು ಕಂಡು ಸಮಾಧಾನವಾಯಿತು. ಓದಿದ ಮೇಲೆ ಆ ಸಮಾಧಾನವೂ ಹೋಯಿತು. ನಾನು ಚೆನ್ನಾಗಿದ್ದೇನೆ, ಮೊಣಕೈ ಒಂದನ್ನು ಬಿಟ್ಟು. ಆ ನೋವು ನೀನು ಕೊಟ್ಟದ್ದು. ನೀನು ಕದ್ದ ನನ್ನ ಇಸ್ತ್ರಿ ಪೆಟ್ಟಿಗೆ ಸಾಕ್ಷಿಯೆಂದು ಠಾಣೆಯಲ್ಲಿ ಕೂತಿದೆ. ದರ್ಜಿಯವಳು ತನ್ನ ಕರೆಂಟಿನ ಪೆಟ್ಟಿಗೆ ಕೊಟ್ಟಿದ್ದಾಳೆ, ಪುಣ್ಯಾತ್ಗಿತ್ತಿ. ಆದರೆ ಅದು ಹತ್ತಿಯಂತೆ ಹಗುರ. ನನ್ನ ಇದ್ದಿಲ ಪೆಟ್ಟಿಗೆ ತನ್ನ ಭಾರಕ್ಕೆ ತಾನೇ ಕೆಲಸ ಮಾಡುತ್ತಿತ್ತು. ಇದನ್ನು ನಾನೇ ಒತ್ತಬೇಕು.

ಪೆಟ್ಟಿಗೆಯನ್ನು ನಾನೇ ಕೊಟ್ಟೆನೆಂದು ಕೋರ್ಟಿನಲ್ಲಿ ಹೇಳಬೇಕು, ದೂರು ವಾಪಸ್ಸು ಪಡೆಯಬೇಕು, ಆಗ ಕೇಸೂ ಇಲ್ಲ, ಚಟ ಬಿಡಿಸುವ ಚಿಕಿತ್ಸೆಯೂ ಇಲ್ಲ, ನೀನೂ ಬರುತ್ತೀಯ, ಪೆಟ್ಟಿಗೆಯೂ ಬರುತ್ತದೆ ಎಂದು ಬರೆದಿದ್ದೀಯ. ಜಾಣ. ಅಜ್ಜಿಯ ಮೊಣಕೈಯನ್ನೇ ವಕೀಲನನ್ನಾಗಿ ಹಿಡಿದಿದ್ದೀಯ. ಅಲ್ಲಿ ಸುತ್ತ ಕೂರಿಸಿ ಎಲ್ಲರೆದುರು ಬಾಯಿ ಬಿಡಿಸುತ್ತಾರಂತೆ, ಇದಕ್ಕಿಂತ ಜೈಲೇ ವಾಸಿಯಂತೆ. ಜೈಲಿನಲ್ಲಿ ಯಾರಪ್ಪ ವಾಸಿಯಾದದ್ದು? ಎರಡು ಸಲ ಹೋಗಿ ಬಂದೆಯಲ್ಲ. ಹೋಗುವಾಗ ಜೇಬಿಗೆ ಕೈ ಹಾಕುವುದಷ್ಟೇ ಗೊತ್ತಿತ್ತು, ಬರುವಾಗ ಬೀಗ ಬಿಚ್ಚುವುದನ್ನು ಕಲಿತಿದ್ದೆ. ನಮ್ಮ ಮನೆತನದಲ್ಲಿ ಸರ್ಕಾರದ ಖರ್ಚಿನಲ್ಲಿ ವಿದ್ಯೆ ಕಲಿತವನು ನೀನೊಬ್ಬನೇ.

ನಿನ್ನಿಂದ ಪೆಟ್ಟಿಗೆ ಕೊಂಡಿದ್ದ ಗುಜರಿಯವನು ಮೊನ್ನೆ ಬಂದಿದ್ದ. ಕದ್ದ ಮಾಲು ಕೊಂಡ ಆ ಮಹಾನುಭಾವನೇ ಮದುವೆಗೆ ಹೋಗಲು ನನ್ನ ಹತ್ತಿರ ಶರ್ಟು ಇಸ್ತ್ರಿ ಮಾಡಿಸುತ್ತಾನೆ, ನಾಚಿಕೆ ಎಂಬುದು ಅವನ ತಕ್ಕಡಿಯಲ್ಲಿ ತೂಗುವುದೇ ಇಲ್ಲ. "ಕಳ್ಳರಿಗೆ ಔಷಧಿ ಕೊಟ್ಟು ಸಾಕ್ತಾರಂತಲ್ಲ ಅಜ್ಜಿ. ಹುಟ್ಟುಗುಣ ಸುಟ್ರೂ ಹೋಗಲ್ಲ" ಎಂದ. "ಸುಡೋದು ನನ್ನ ಕಸುಬು ಕಣಪ್ಪ, ನಂಗೆ ಹೇಳ್ಬೇಡ" ಎಂದೆ.

ನಿನಗೂ ಅದನ್ನೇ ಹೇಳುತ್ತೇನೆ. ಕಲೆಯಿದ್ದ ಬಟ್ಟೆಯ ಮೇಲೆ ಕಾದ ಪೆಟ್ಟಿಗೆ ಆಡಿಸಬಾರದು. ಆಡಿಸಿದರೆ ಬಟ್ಟೆ ಗರಿಗರಿಯಾಗಿ ಕಾಣುತ್ತದೆ, ಕಲೆ ಮಾತ್ರ ನೂಲಿನೊಳಗೆ ಇಳಿದು ಕೂರುತ್ತದೆ. ಜೈಲು ನಿನಗೆ ಎರಡು ಸಲ ಇಸ್ತ್ರಿ ಮಾಡಿತು. ಕಲೆಯನ್ನು ನೆನೆಸಬೇಕು, ನೀರು ಬದಲಿಸಿ ಮತ್ತೆ ನೆನೆಸಬೇಕು. ಹಾಗೆಂದು ನೀನು ಬೆಳ್ಳಗಾಗಿ ಬರುತ್ತೀಯೆಂದು ಕನಸು ಕಾಣುತ್ತಿಲ್ಲ. ಎಷ್ಟು ನೆನೆಸಿದರೂ ಹೋಗದ ಕಲೆಗಳನ್ನೂ ಕಂಡಿದ್ದೇನೆ. ನಿಮ್ಮ ಚಿಕಿತ್ಸಾ ಕೇಂದ್ರದ ಮೇಡಂ ಕೂಡ, ಮುಗಿಸಿ ಹೋದವರಲ್ಲಿ ಎಷ್ಟೋ ಜನ ಮತ್ತೆ ಬರುತ್ತಾರೆಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಆದರೂ ಬೀದಿಯಲ್ಲಿ ಇನ್ನೊಬ್ಬಳ ಪೆಟ್ಟಿಗೆ ಕಳವಾಗುವುದಕ್ಕಿಂತ ನೀನು ಅಲ್ಲಿ ಕೂತು ಬೆವರುವುದು ಮೇಲು.

ನಿಮ್ಮಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. "ಹೆತ್ತ ಕರುಳಿನ ಸಂಕಟ ನಿಮಗೇನು ಗೊತ್ತು" ಎಂದಳು. ಅವಳ ಗಂಡನನ್ನು ಹೆತ್ತವಳು ನಾನಲ್ಲದೆ ಇನ್ಯಾರೋ ಎನ್ನುವಂತೆ. ಅಳಲಿ. ದೂರು ಮಾತ್ರ ವಾಪಸ್ಸು ಪಡೆಯುವುದಿಲ್ಲ. ಚಿಕಿತ್ಸೆ ಮುಗಿಸಿದರೆ ಕೇಸು ಮುಗಿಯುತ್ತದೆ, ನಡುವೆ ಓಡಿದರೆ ಜೈಲು ಎಂದು ನ್ಯಾಯಾಧೀಶರು ಹೇಳಿದ್ದನ್ನು ನೀನೂ ಕೇಳಿದ್ದೀಯ.

ಹೊತ್ತಿಗೆ ಸರಿಯಾಗಿ ಉಣ್ಣು. ಬಾಯಿ ಬಿಡಿಸಿದರೆ ಬಿಡು, ಮನೆಯಲ್ಲಿ ಸುಳ್ಳು ಹೇಳಲು ಬಿಡುತ್ತಿದ್ದ ಬಾಯಿಯೇ ತಾನೇ ಅದು. ದೇವರು ನಿನಗೆ ತಾಳ್ಮೆ ಕೊಡಲಿ, ನನಗೆ ಆಯಸ್ಸು ಕೊಡಲಿ.

ಇತಿ,
ಬೈಯುವುದನ್ನು ಇನ್ನೂ ಬಿಡದ
ನಿನ್ನ ಅಜ್ಜಿ

ತಾ.ಕ.: ಮರೆತಿದ್ದೆ. ಠಾಣೆಗೆ ಹೋಗಿ ಹೇಳಿ ಬಂದಿದ್ದೇನೆ, ಕೇಸು ಮುಗಿದ ದಿನ ಪೆಟ್ಟಿಗೆಯನ್ನು ನಿನ್ನ ಕೈಗೇ ಕೊಡಬೇಕೆಂದು. ನಾನು ಬರೆದು ಕೊಟ್ಟರೆ ಆದೀತಂತೆ. ಬರೆದು ಕೊಟ್ಟೆ. ಪೊಲೀಸಿನವನು ನಕ್ಕ. ಅಲ್ಲಿಂದ ಮನೆಗೆ ಗುಜರಿ ಅಂಗಡಿಯ ಮುಂದೆಯೇ ಬರಬೇಕು, ಬೇರೆ ದಾರಿಯಿಲ್ಲ. ನಾನು ಜೊತೆಗೆ ಬರುವುದಿಲ್ಲ. ಇದ್ದಿಲು ಹೊತ್ತಿಸಿಟ್ಟಿರುತ್ತೇನೆ, ಆರುವುದರೊಳಗೆ ಬಾ.