ಒಂದು ಹನಿ ಹೆಚ್ಚಾಗಿ

ಪ್ರಯೋಗಶಾಲೆಯ ಹಿಂದಿನ ಕೋಣೆ,
ಮಾರ್ಚ್ ೧೧, ಬುಧವಾರ ಸಂಜೆ

ಪ್ರೀತಿಯ ಅಕ್ಕಾ,

ಅಕ್ಷರ ನೋಡಿ ಬೈಯಬೇಡ. ಉಪ್ಪುನೀರಿನಲ್ಲಿ ಕೈಯಾಡಿಸಿ ಬೆರಳ ತುದಿಗಳೆಲ್ಲ ಒಡೆದಿವೆ, ಪೆನ್ನು ನೆಟ್ಟಗೆ ನಿಲ್ಲುವುದಿಲ್ಲ. ಕಾಗುಣಿತದ ತಪ್ಪಿಗೆ ಮಾತ್ರ ಬೆರಳನ್ನು ದೂರುವಂತಿಲ್ಲ, ಅದು ಐದನೇ ಕ್ಲಾಸಿಗೇ ನಿಂತುಹೋದ ಓದಿನ ಫಲ. ಇಷ್ಟಾದರೂ ಬರೆಯುತ್ತೇನಲ್ಲ, ಅದು ನಿನ್ನಿಂದ. ಸಂಜೆ ಹೊತ್ತು ಹಳೆಯ ಪೇಪರಿನ ಅಂಚಿನಲ್ಲಿ ನೀನು ಬರೆಸದೇ ಹೋಗಿದ್ದರೆ ಇವತ್ತು ಹೆಬ್ಬೆಟ್ಟು ಒತ್ತುತ್ತಿದ್ದೆ.

ನಿನ್ನ ಮಂಡಿನೋವು ಹೇಗಿದೆ? ಹೊಸ ಮನೆಗೆ ಎಷ್ಟು ಮೆಟ್ಟಿಲು ಎಂದು ಕೇಳಿದ್ದೆ. ನೀನು ಬಾವನ ಕೆಲಸದ ಬಗ್ಗೆ ಬರೆದೆ, ಪಾಪುವಿನ ಹಲ್ಲಿನ ಬಗ್ಗೆ ಬರೆದೆ, ಮೆಟ್ಟಿಲಿನ ಸುದ್ದಿ ಎತ್ತಲೇ ಇಲ್ಲ. ಅಂದರೆ ಬಹಳ ಇವೆ ಎಂದಾಯಿತು. ಒಂದೊಂದೇ ಕಾಲಿಟ್ಟು ಹತ್ತು, ಪಾಪುವನ್ನು ಬಾವ ಎತ್ತಿಕೊಳ್ಳಲಿ.

ನೀನು ಎಂಟು ವರ್ಷ ಮಾಡಿದ ಕೆಲಸವನ್ನು ನನ್ನ ಕೈಗಿಟ್ಟು ಹೋಗಿ ಆರು ತಿಂಗಳಾಯಿತು. "ನನ್ನ ತಂಗಿ, ಮಾತು ಕಮ್ಮಿ, ಕೈ ಚುರುಕು" ಎಂದು ಮೇಡಂ ಮುಂದೆ ನನ್ನನ್ನು ತಂದು ನಿಲ್ಲಿಸಿದ್ದೆ. ಈ ಪತ್ರ ಆ ಚುರುಕು ಕೈ ಮಾಡಿದ ಕೆಲಸದ ಬಗ್ಗೆಯೇ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬಾವನೂ ಓದುತ್ತಾರಲ್ಲ. ಬಾವಾ, ಅರ್ಚಿನ್ ಎಂದರೆ ಸಮುದ್ರದ ತಳದಲ್ಲಿರುವ ಒಂದು ಪ್ರಾಣಿ. ನಿಂಬೆಹಣ್ಣಿನಷ್ಟು ದಪ್ಪ, ಮೈತುಂಬ ಮುಳ್ಳು. ಇಲ್ಲಿ ಎಲ್ಲರೂ ಮುಳ್ಳುಂಡೆ ಎನ್ನುತ್ತೇವೆ. ಹೆಣ್ಣು ಮುಳ್ಳುಂಡೆಯ ಮೊಟ್ಟೆಗಳನ್ನು ಬೋಗುಣಿಯ ಸಮುದ್ರದ ನೀರಿಗೆ ಬಿಟ್ಟುಕೊಂಡು, ಅದಕ್ಕೆ ಗಂಡಿನದನ್ನು ಹಾಕುವುದು ನನ್ನ ಕೆಲಸ. ಅದರ ಹೆಸರು ಬರೆಯಲು ನಾಚಿಕೆ. ಮೇಡಂ ಮಾತ್ರ ಉಪ್ಪು, ಸಕ್ಕರೆ ಎನ್ನುವಷ್ಟು ಸಲೀಸಾಗಿ ವೀರ್ಯ, ವೀರ್ಯಾಣು ಎನ್ನುತ್ತಾರೆ, ನಾನೂ ಕಲಿಯುತ್ತಿದ್ದೇನೆ. ಅದು ಹಾಲಿನ ಹಾಗೆ ಗಟ್ಟಿಯಾಗಿರುತ್ತದೆ. ಒಂದು ಹನಿಯನ್ನು ಒಂದು ಲೋಟ ಸಮುದ್ರದ ನೀರಿನಲ್ಲಿ ಕದಡಿ, ಆ ತೆಳು ನೀರಿನಿಂದ ಒಂದೇ ಹನಿ ಬೋಗುಣಿಗೆ. ನೀನು ಕಲಿಸಿದ್ದು ಇಷ್ಟೇ, ಹತ್ತು ಸಲ ಮಾಡಿಸಿಯೂ ನೋಡಿದ್ದೆ.

ಹಾಗೆಯೇ ಮಾಡುತ್ತಿದ್ದೆ ಅಕ್ಕಾ. ಮೈಕ್ರೋಸ್ಕೋಪಿನಲ್ಲಿ ಮೊದಲ ದಿನ ನೋಡಿದ್ದನ್ನು ಹೇಗೆ ಮರೆಯಲಿ? ಮೊಟ್ಟೆ ಸುಮ್ಮನೆ ಕೂತಿರುತ್ತದೆ, ನೋಡನೋಡುತ್ತಿದ್ದಂತೆ ಅದರ ಸುತ್ತ ಗಾಜಿನಂಥ ಒಂದು ಉಂಗುರ ಏಳುತ್ತದೆ. ಮೈ ಜುಮ್ಮೆಂದಿತು. ಇದನ್ನೆಲ್ಲ ನೋಡುವ ಭಾಗ್ಯ ಬೋಗುಣಿ ತೊಳೆಯುವವಳಿಗೆ ಎಲ್ಲಿಂದ ಬರಬೇಕು, ನೀನು ಆ ಕುರ್ಚಿಯಿಂದ ಎದ್ದು ನನ್ನನ್ನು ಕೂರಿಸದಿದ್ದರೆ?

ಆದರೆ ಕೆಲವು ಮೊಟ್ಟೆಗಳಿಗೆ ಉಂಗುರ ಏಳದೆ ಉಳಿಯುತ್ತಿತ್ತು. ಹೋದ ತಿಂಗಳು ಒಂದು ದಿನ ಮೇಡಂ ನೋಡಿ "ಇವತ್ತು ಸ್ವಲ್ಪ ಕಮ್ಮಿ" ಅಂದರು. ಅಷ್ಟೇ ಅಂದದ್ದು. ನನಗೆ ಅದೇ ಕೊರೆಯಿತು. ಅಮ್ಮನ ಕೈ ನಿನಗೆ ಗೊತ್ತಲ್ಲ, ಯಾರು ಬಂದರೂ ಒಂದು ಸೌಟು ಹೆಚ್ಚಿಗೇ ಬಡಿಸುವ ಕೈ. ಅದು ನನಗೆ ಬಂದಿದೆ. ಲೋಟದಲ್ಲಿ ಕದಡುವುದನ್ನೇ ಬಿಟ್ಟು, ಗಟ್ಟಿಯದನ್ನೇ ಎರಡು ಹನಿ ಹಾಕಿಬಿಟ್ಟೆ. ಒಂದು ನಿಮಿಷದಲ್ಲಿ ಎಲ್ಲ ಮೊಟ್ಟೆಗೂ ಉಂಗುರ! ಮೇಡಂ "ನಿನ್ನ ಕೈಗುಣ ಚೆನ್ನಾಗಿದೆ ಕಣೇ" ಅಂದರು. ಆವತ್ತು ಮನೆಗೆ ಹೋಗುವಾಗ ಕಾಲು ನೆಲಕ್ಕೆ ತಾಗಲಿಲ್ಲ. ಮರುದಿನದಿಂದ ಅದೇ ರೂಢಿಯಾಯಿತು.

ಮೊಟ್ಟೆ ಮೊದಲು ಎರಡಾಗಬೇಕು, ಆಮೇಲೆ ನಾಲ್ಕು, ಎಂಟು. ನನ್ನವು ಒಂದೇ ಏಟಿಗೆ ಮೂರು, ನಾಲ್ಕು ಚೂರಾಗತೊಡಗಿದವು, ಒಂದು ದೊಡ್ಡದು, ಒಂದು ಸಣ್ಣದು. ಮರುದಿನ ಮುಕ್ಕಾಲು ಪಾಲು ಸತ್ತು ತಳದಲ್ಲಿ ಧೂಳಿನ ಹಾಗೆ ಬಿದ್ದಿರುತ್ತಿದ್ದವು. ಮೂರು ವಾರ ಇದೇ ಗತಿ. ನೀರಿನಲ್ಲಿ ಉಪ್ಪು ಕಡಿಮೆಯಾದರೆ ಹೀಗಾಗುತ್ತದೆ ಎಂದು ಮೇಡಂಗೆ ಅನುಮಾನ ಬಂತು. ಆಪಾದನೆ ಹೋಗಿ ಕೂತದ್ದು ತೊಟ್ಟಿ ಮಾಮನ ತಲೆಯ ಮೇಲೆ. ಬಾವಾ, ಸಮುದ್ರದಿಂದ ನೀರು ತಂದು ತೊಟ್ಟಿ ತುಂಬುವವರು ಅವರೇ. ಉಪ್ಪು ಅಳೆಯುವ ಮೀಟರು ಸರಿ ಇದೆ ಎಂದು ತೋರಿಸಿದರೆ, ಮೀಟರೇ ಹಳೆಯದು ಅಂದರು ಮೇಡಂ. ಮ್ಯಾನೇಜರು ಬಂದು, ಮುಂದಿನ ತಿಂಗಳಿನಿಂದ ಲಾರಿಯಲ್ಲಿ ನೀರು ತರಿಸುತ್ತೇವೆ, ನೀವು ಬರಬೇಕಾಗಿಲ್ಲ ಎಂದುಬಿಟ್ಟರು. ಮಾಮ ತೊಟ್ಟಿಗೆ ಬೆರಳದ್ದಿ ನೆಕ್ಕಿ "ಮೂವತ್ತು ವರ್ಷದಿಂದ ಈ ನೀರು ನೆಕ್ಕಿದ್ದೀನಿ ಸ್ವಾಮೀ, ಮೀಟರ್ ಸುಳ್ಳು ಹೇಳ್ಬಹುದು, ನನ್ನ ನಾಲಿಗೆ ಹೇಳಲ್ಲ" ಅಂದರು. ಆದರೂ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ದೋಣಿಯಲ್ಲಿ ಇನ್ನೂ ದೂರ ಹೋಗಿ ನೀರು ತಂದರು. ಆ ನೀರಿಗೂ ನಾನು ಗಟ್ಟಿ ಹನಿಯನ್ನೇ ಹಾಕಿದೆ.

ಆಣೆಗೂ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಹೋದ ಶುಕ್ರವಾರ. ಆರು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು, ಆ ಉಂಗುರ ಯಾಕೆ ಏಳುತ್ತದೆ ಎಂದು ಮೇಡಂನ ಕೇಳಿದೆ. ಅವರು ಎಷ್ಟು ಖುಷಿಪಟ್ಟರೆಂದರೆ, ಊಟದ ಡಬ್ಬಿ ಪಕ್ಕಕ್ಕಿಟ್ಟು ಚಿತ್ರ ಬರೆದು ಹೇಳಿದರು. ಮೊಟ್ಟೆಗೆ ಒಂದೇ ಒಂದು ವೀರ್ಯಾಣು ಸಾಕು, ಎರಡನೆಯದು ಒಳಗೆ ಬಂದರೆ ಮೊಟ್ಟೆಗೇ ಸಾವು. ಅದಕ್ಕಾಗಿ ಮೊದಲನೆಯದು ಸೇರುತ್ತಿದ್ದಂತೆ, ಕಣ್ಣು ಮಿಟುಕಿಸುವುದರೊಳಗೆ, ಮೊಟ್ಟೆಯ ಮೈಮೇಲೆ ಕರೆಂಟಿನಂಥದ್ದು ಹರಿದು ಉಳಿದವನ್ನು ತಡೆಯುತ್ತದೆ. ಅದು ಬರಿಯ ಚಿಲಕ, ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅಷ್ಟರೊಳಗೆ ಮೊಟ್ಟೆ ತನ್ನ ಹೊರಪೊರೆಯನ್ನು ಮೇಲೆತ್ತಿ ಗಟ್ಟಿ ಮಾಡಿಕೊಳ್ಳುತ್ತದೆ. ಅದು ಗೋಡೆ, ಅದೇ ನಾನು ನೋಡಿದ ಉಂಗುರ. ಚಿಲಕದ ಕರೆಂಟು ನೀರಿನ ಉಪ್ಪಿನಿಂದ ಬರುತ್ತದೆ, ಅದಕ್ಕೇ ನೀರಿನ ಮೇಲೆ ಅನುಮಾನ ಅಂದರು. "ಇಲ್ಲಾಂದ್ರೆ ವೀರ್ಯಾಣುಗಳು ಗುಂಪುಗುಂಪಾಗಿ ನುಗ್ಗಬೇಕು, ಆಗ ಚಿಲಕ ಬೀಳೋದ್ರೊಳಗೆ ಎರಡು ನುಸುಳಿಬಿಡ್ತವೆ. ನೀನು ತೆಳು ಮಾಡೇ ಹಾಕ್ತೀಯಲ್ಲಾ?"

ನಾನು ಹೂಂ ಎಂದು ತಲೆಯಾಡಿಸಿದೆ ಅಕ್ಕಾ.

ಮರುದಿನ ಹೇಳಬೇಕು ಎಂದು ಮೇಡಂ ಮೇಜಿನವರೆಗೆ ಹೋಗಿ, ಬೋಗುಣಿ ತೊಳೆಯಲು ತಿರುಗಿ ಬಂದೆ. ಕೊನೆಗೆ ಸೋಮವಾರ ಬೇಗ ಬಂದು ಮಾಮ ತಂದ ನೀರನ್ನೇ ಎರಡು ಬೋಗುಣಿಗೆ ತುಂಬಿದೆ. ಒಂದೇ ಮುಳ್ಳುಂಡೆಯ ಮೊಟ್ಟೆಯನ್ನು ಎರಡಕ್ಕೂ ಹಂಚಿದೆ. ಒಂದಕ್ಕೆ "ತೆಳು ಹನಿ", ಇನ್ನೊಂದಕ್ಕೆ "ಗಟ್ಟಿ ಹನಿ, ದಿನಾ ಹಾಕಿದ್ದು" ಎಂದು ಚೀಟಿ ಅಂಟಿಸಿದೆ. ಮೊಟ್ಟೆಗಳು ಎರಡಾಗುವ ಹೊತ್ತಿಗೆ ಮೇಡಂನ ಕರೆದೆ, ಮಾಮನನ್ನೂ ಕರೆದೆ, ಗೋಡೆಗೆ ಒರಗಿ ನಿಂತೆ. ಮೇಡಂ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಚೀಟಿ ಓದಿದರು. ತೆಳು ಹನಿಯವು ನೆಟ್ಟಗೆ ಎರಡಾಗಿದ್ದವು, ಗಟ್ಟಿ ಹನಿಯವು ಮೂರು, ನಾಲ್ಕು ಚೂರು. ಮಾಮನನ್ನು ಕುರ್ಚಿಯಲ್ಲಿ ಕೂರಿಸಿ ಅವರಿಗೂ ತೋರಿಸಿ, ಎಲ್ಲರ ಮುಂದೆ "ತಪ್ಪಾಯ್ತು" ಎಂದು ಕೈಮುಗಿದರು. ಮಾಮ ಒಂದು ಕಣ್ಣು ಮುಚ್ಚಿಕೊಂಡೇ ನನ್ನ ಕಡೆ ತಿರುಗಿ "ಇಪ್ಪತ್ತು ದಿನ ಸಮುದ್ರಕ್ಕೇ ಬೈಗುಳ ತಿನ್ನಿಸಿದ್ಯಲ್ಲೇ ತಾಯಿ" ಅಂದರು. ಆಮೇಲೆ ನಕ್ಕರು. ಆ ನಗುವಿನ ಋಣ ನಾನು ಹೇಗೆ ತೀರಿಸಲಿ? ಲಾರಿ ಬರುವುದು ನಿಂತಿತು, ಮಾಮ ಇರುತ್ತಾರೆ. ನನ್ನನ್ನೂ ಬಿಡಿಸಲಿಲ್ಲ. ಮೇಡಂ ಬೈಯಲೂ ಇಲ್ಲ. ಯಾಕೆ ಬೈಯಲಿಲ್ಲ ಎಂಬುದನ್ನು ಬರೆಯಲು ಈಗ ಧೈರ್ಯ ಬರುತ್ತಿಲ್ಲ.

ಪಾಪುವಿನ ಎರಡು ಹಲ್ಲಿಗೂ ಒಂದೊಂದು ಮುತ್ತು. ಬಾವನಿಗೆ ನಮಸ್ಕಾರ. ನಿನ್ನ ಮಂಡಿ ಬೇಗ ವಾಸಿಯಾಗಲಿ.

ನಿನ್ನ ತಂಗಿ,
ಗುಮ್ಮನಗುಸುಕಿ

ತಾ.ಕ.: ಗುರುವಾರ. ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಸೋಮವಾರ ಮೇಡಂ "ಹೀಗೆ ಹಾಕೋಕೆ ಯಾರು ಹೇಳಿದ್ದು?" ಎಂದು ಕೇಳಿದಾಗ ಹೆದರಿ "ಅಕ್ಕ" ಎಂದುಬಿಟ್ಟಿದ್ದೆ. ಅವರು "ಅವಳಾ?" ಎಂದು ಕೇಳಿ ಎರಡೂ ಚೀಟಿ ಕಿತ್ತಿಟ್ಟರು. ನಾನು ಬೈಗುಳ ತಪ್ಪಿಸಿಕೊಂಡದ್ದು ನಿನ್ನ ಎಂಟು ವರ್ಷದ ಹೆಸರನ್ನು ಅಡ್ಡ ಹಿಡಿದು. ಕ್ಷಮಿಸು ಅಕ್ಕಾ. ಇವತ್ತು ಬೆಳಿಗ್ಗೆ ಮೇಡಂ ಚೀಲ ಇಳಿಸುವ ಮೊದಲೇ ಹೋಗಿ ಎದುರು ನಿಂತೆ. ಈ ಸಲ ಬೋಗುಣಿ ಇಲ್ಲ, ಚೀಟಿ ಇಲ್ಲ. "ಅಕ್ಕ ಹಾಗೆ ಹೇಳ್ಕೊಟ್ಟಿರ್ಲಿಲ್ಲ ಮೇಡಂ, ನಾನೇ ಮಾಡಿದ್ದು" ಎಂದು ಹೇಳಿದೆ. ಎರಡು ಸಲ ಹೇಳಿದೆ, ಮೊದಲನೆಯ ಸಲ ನನಗೇ ಕೇಳಿಸಲಿಲ್ಲ.