ಬೊಚ್ಚೆ ಅಂಕಣದ ನಡುವೆ ನಿಂತ ಕಂಚಿನ ಮನುಷ್ಯ

ನಗರಸಭೆಯ ಪರಂಪರೆ ವಿಭಾಗದ ಮಾನ್ಯ ಅಧಿಕಾರಿಗಳೇ,

ಬೊಚ್ಚೆ ಆಟಗಾರನ ಪ್ರತಿಮೆಯನ್ನು ಬೊಚ್ಚೆ ಅಂಕಣದ ನಟ್ಟನಡುವೆ ನೆಟ್ಟಿದ್ದೀರಿ. ಇನ್ನು ಅಲ್ಲಿ ನಾವು ಇಟಲಿಯವರು ಗುಂಡೆಸೆದು ಬೊಚ್ಚೆ ಆಡುವಂತಿಲ್ಲ. ಇದನ್ನು ಬರೆಯುವಾಗಲೇ ನನಗೆ ಹೇಸಿಗೆಯಾಗುತ್ತಿದೆ. ಸಹಿ ಹಾಕುವಾಗ ನಿಮಗೆ ಏನೂ ಆಗಲಿಲ್ಲವೇ?

ನಾನು ನಮ್ಮ ಬೀದಿಯ ತಂಡದ ಹುಚ್ಚು ಅಭಿಮಾನಿ. ಪ್ರತಿ ಭಾನುವಾರ ಬೇಲಿಗೆ ಒರಗಿ, ಯಾರ ಗುಂಡು ಗುರಿಯ ಪುಟ್ಟ ಚೆಂಡಿಗೆ ಹತ್ತಿರ ಬಿತ್ತೆಂದು ನಮ್ಮ ವಾಟ್ಸಾಪ್ ಗುಂಪಿಗೆ ಬಿಸಿಬಿಸಿ ಸುದ್ದಿ ಹಾಕುವವಳು. ತಂಡದ ನಾಯಕಿ ಎರ್ಸಿಲಿಯಜ್ಜಿ. ಇಟಲಿಯ ಕಲಾಬ್ರಿಯಾದಿಂದ ಹಡಗು ಹತ್ತಿ ಮೆಲ್ಬರ್ನಿಗೆ ಬಂದು, ಕಾರ್ಖಾನೆಯಲ್ಲಿ ಹೊಲಿಗೆ ಹಾಕಿ ಸಂಸಾರ ಸಾಕಿದವರು. ಗಂಡ ಹೋದ ಮೇಲೆ ಅವರು ಮನೆಯಿಂದ ಹೊರಬೀಳುವುದೇ ಈ ಆಟಕ್ಕಾಗಿ. ಅಂಕಣದ ಮಣ್ಣಿಗೆ ನೀರು ಚಿಮುಕಿಸಿ, ರೋಲರ್ ಎಳೆದು ಹದ ಮಾಡಿದ್ದು ಅವರ ತಲೆಮಾರು, ನೀವಲ್ಲ.

ಪ್ರತಿಮೆಯನ್ನು ಅಜ್ಜಿ ಒಂದು ಸುತ್ತು ಬಂದು ನೋಡಿದರು. "ಕಾಲು ಗೆರೆ ದಾಟಿದೆ. ಈ ಮೀಸೆಯವನಿಗೆ ಎಸೆಯೋಕೇ ಬರಲ್ಲ."

"ನಿನ್ನ ಗಂಡನೂ ಹಾಗೇ ಎಸೀತಿದ್ದ ಬಿಡು," ಅಂದರು ಜೊತೆಗಾರ ಓರೆಸ್ತೆ ತಾತ.

"ಅದಕ್ಕೇ ಅವನನ್ನ ತಂಡಕ್ಕೆ ಸೇರಿಸ್ಲಿಲ್ಲ."

ಅಷ್ಟರಲ್ಲಿ ನಿಮ್ಮ ಕಾವಲಿನ ಹುಡುಗ ಬಂದ. "ಅಜ್ಜಿ, ಗುಂಡು ಎತ್ತಿಡಿ. ಪ್ರತಿಮೆಗೆ ಪೆಟ್ಟಾಗುತ್ತೆ. ಇದು ಈಗ ಪಾರಂಪರಿಕ ಜಾಗ."

"ಯಾರ ಪರಂಪರೆ ಮಗಾ?"

"ಇಟಲಿಯವರದ್ದಂತೆ."

ಓರೆಸ್ತೆ ತಾತ ಟೋಪಿ ತೆಗೆದರು. "ನಡಿ ಎರ್ಸಿಲಿಯಾ. ಸತ್ತ ಮೇಲೆ ನಮ್ಮನ್ನೂ ಕಂಚು ಮಾಡ್ತಾರೆ, ಆಗ ಆಡೋಣ."

ಗುಂಪಿನಲ್ಲಿ ಇದನ್ನು ಹಾಕಿದಾಗ ಎಲ್ಲರೂ ನಗುವ ಮುಖ ಕಳಿಸಿದರು. ನನಗೆ ನಗು ಬರಲಿಲ್ಲ. ದೀಪದ ಕಂಬಗಳಿಗೆ ಇಟಲಿ ಬಾವುಟದ ಹಸಿರು, ಬಿಳಿ, ಕೆಂಪು ಬಳಿದಿರಿ, ಸಹಿಸಿದೆವು. ಓರೆಸ್ತೆ ತಾತ ಇಸ್ಪೀಟಾಡುತ್ತಿದ್ದ ಬೆಂಚು ಕಿತ್ತು ಹೂಕುಂಡ ಇಟ್ಟಿರಿ, ಅದನ್ನೂ ನುಂಗಿದೆವು. ನಿಮಗೆ ಬೇಕಾದ ಇಟಲಿಯವರು ಜಗಳವಾಡುವುದಿಲ್ಲ, ಕೂರಲು ಜಾಗ ಕೇಳುವುದಿಲ್ಲ, ಉಸಿರೂ ಆಡುವುದಿಲ್ಲ, ಅಲ್ಲವೇ?

ಬರುವ ಭಾನುವಾರ ಪಕ್ಕದ ಬಡಾವಣೆಯವರೊಂದಿಗೆ ವರ್ಷದ ಪಂದ್ಯ, ನಮ್ಮ ಅಂಕಣದಲ್ಲೇ. ಅಂಕಣ ಕೊಡಲಾಗದ ತಂಡ ಸೋತಂತೆ ಲೆಕ್ಕ. ಆದ್ದರಿಂದ ಶನಿವಾರದೊಳಗೆ ಆ ಕಂಚಿನ ಮನುಷ್ಯನನ್ನು ಕಿತ್ತು ನಿಮ್ಮ ಕಚೇರಿ ಅಂಗಳಕ್ಕೆ ಒಯ್ಯಿರಿ. ಒಯ್ಯದಿದ್ದರೂ ನಾವು ಬರುತ್ತೇವೆ. ಪೊಲೀಸರು ಬಂದರೆ ಏನು ಮಾಡ್ತೀರಿ ಎಂದು ಅಜ್ಜಿಯನ್ನು ಕೇಳಿದೆ.

"ಕಾಯೋಕೆ ಹೇಳು," ಅಂದರು. "ನನ್ನ ಸರದಿ ಮುಗೀಲಿ."

ಇಂತಿ,
ತನ್ನವರು ಇನ್ನೂ ಬದುಕಿರುವುದಕ್ಕೆ ತಮ್ಮ ಕ್ಷಮೆ ಕೋರುವ,
ಫ್ಲಾವಿಯಾ ಸ್ಕಲ್ಜೋ