ಹಲ್ಲುನೋವೆಂದು ಬರೆಸಿದವರ ಪರವಾಗಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಆಸ್ಪತ್ರೆಯ ಆಪ್ತಸಮಾಲೋಚನೆಯ ಕೋಣೆಗೆ ರೋಗಿಗಳೇ ಬರುವುದಿಲ್ಲವೆಂದು ಬೀಗ ಹಾಕಲು ಹೊರಟಿದ್ದೀರಂತೆ. ರಿಜಿಸ್ಟರು ನೋಡಿ ತೀರ್ಮಾನಿಸಿದಿರಿ, ನಿಮ್ಮದೇನೂ ತಪ್ಪಿಲ್ಲ. ಆ ರಿಜಿಸ್ಟರು ಖಾಲಿ ಬೀಳುವಂತೆ ಮಾಡಿದವರಲ್ಲಿ ನಾನೇ ಮೊದಲಿಗ.

ನಾನು ಕುಂದಾಪುರದ ಕೋಡಿಯವ, ಇಪ್ಪತ್ತೆಂಟು ವರ್ಷ ದೋಣಿ ನಡೆಸಿದವ. ಹೋದ ವರ್ಷ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಜೊತೆಗಾರ ಸೂರ ತೀರಿಕೊಂಡ. ಮೈ ಸರಿಯಿಲ್ಲವೆಂದು ಮಲಗಿದ್ದವನನ್ನು ಎಬ್ಬಿಸಿ ಕರೆದೊಯ್ದವ ನಾನು. ಅಂದಿನಿಂದ ದೋಣಿಗೆ ಕಾಲಿಟ್ಟರೆ ಉಸಿರು ಕಟ್ಟುತ್ತಿತ್ತು. ಊರಿಗೆ ಮಾತ್ರ ‘ಇಂಜಿನ್ ರಿಪೇರಿ’ ಎಂದೆ. ಒಂಬತ್ತು ತಿಂಗಳು ರಿಪೇರಿಯಾಗದ ಇಂಜಿನ್ ಯಾವುದೆಂದು ಯಾರೂ ಕೇಳಲಿಲ್ಲ, ಅಷ್ಟು ಸಭ್ಯರು ನಮ್ಮವರು.

ಕೊನೆಗೆ ಹೆಂಡತಿ ಜಲಜ ಆಸ್ಪತ್ರೆಗೆ ಅಟ್ಟಿದಳು. ಆ ಕೋಣೆಯ ಎದುರು ಕುಳಿತರೆ ಸಂಜೆಯೊಳಗೆ ಬಸ್ರೂರಿನವರೆಗೂ ಈ ಬಚ್ಚನಿಗೆ ತಲೆ ಕೆಟ್ಟಿದೆಯೆಂದು ಸುದ್ದಿಯಾಗುವುದಿಲ್ಲವೇ? ಅದಕ್ಕೇ ಪಕ್ಕದ ಹಲ್ಲಿನ ವಿಭಾಗದ ಬೆಂಚಿನಲ್ಲಿ ಕುಳಿತೆ. ಸೂರನ ಅಕ್ಕ, ಮೀನು ಮಾರುವ ನಾಗು ಅಲ್ಲಿಗೇ ಬರಬೇಕೇ!

“ಬಚ್ಚ, ಇಲ್ಲೆಂತ ಮಾರಾಯ ನೀನ್?”

“ಹಲ್ಲ್ ನೋವ್, ನಾಗಕ್ಕ.”

“ಹೆದ್ರ್‌ಬೇಡ, ನಾ ಇದ್ದೆ ಅಲ್ದಾ!”

ಕೈಹಿಡಿದು ಒಳಗೇ ಕರೆದೊಯ್ದಳು. ಒಂದು ದಿನವೂ ನೋಯದ ಹುಳುಕು ಹಲ್ಲೊಂದನ್ನು ತೋರಿಸಿದೆ, ಕಿತ್ತರು. ಹಲ್ಲು ಹೋದರೂ ಮಾನ ಉಳಿಯಿತೆಂದು ಸಮಾಧಾನಪಟ್ಟ ಶೂರ ನಾನು.

ಮರುವಾರ ಆಪ್ತಸಮಾಲೋಚನೆಯ ಕೋಣೆಗೇ ನುಗ್ಗಿದೆ, ಚೀಟಿ ಮಾತ್ರ ಹಲ್ಲಿನ ವಿಭಾಗದ್ದೇ, ಹಾಗಾಗಿ ನಿಮ್ಮ ರಿಜಿಸ್ಟರಿನಲ್ಲಿ ನಾನಿಲ್ಲ. ಇಂಜೆಕ್ಷನ್ನೋ ಉಪದೇಶವೋ ಸಿಗಬಹುದೆಂದು ಕಾದರೆ ಅಲ್ಲಿನ ಆಪ್ತಸಮಾಲೋಚಕಿ ಅಕ್ಷಯಾ ಮೇಡಂ ಬರೀ ಕೇಳಿಸಿಕೊಂಡರು. ಮಾತಾಡಲು ನಮ್ಮೂರ ಸಲೂನೇ ಸಾಕಿತ್ತಲ್ಲ ಎಂದುಕೊಂಡೆ. ನಾಲ್ಕನೇ ವಾರ ಅವರು ಕೇಳಿದರು: “ಸೂರ ನಿಮ್ಮನ್ ಎಬ್ಸಿ ಕರ್ಕಂಡ್ ಹೋಯಿ, ನಿಮ್ಗ್ ಹಾಂಗಾಯಿದ್ರೆ, ತಪ್ಪೆಲ್ಲ ಅವ್ನದೇ ಅಂತಿದ್ರ್ಯಾ?” ಸಲೂನಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಐವತ್ತೆರಡರ ಗಂಡಸು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ಒಂದು ವಾರ ದಡದಲ್ಲಿ ನಿಲ್ಲಿಸಿದರು, ಇನ್ನೊಂದು ವಾರ ದಡಕ್ಕೆ ಕಟ್ಟಿಹಾಕಿದ ದೋಣಿಯಲ್ಲಿ ಕೂರಿಸಿದರು. ಈಗ ಹೊಳೆಯವರೆಗೆ ಹೋಗುತ್ತೇನೆ. ಅಳಿವೆ ಮಾತ್ರ ಇನ್ನೂ ದಾಟಿಲ್ಲ.

ಹೋದ ಮಂಗಳವಾರ ಹೊರಬಂದರೆ ಹಲ್ಲಿನ ಬೆಂಚಿನಲ್ಲಿ ಮತ್ತೆ ನಾಗು, ಮೇಡಂ ಕೋಣೆಯ ಬಾಗಿಲನ್ನೇ ನೋಡುತ್ತ. ಹಲ್ಲುನೋವಂತೆ. ಸ್ವಾಮೀ, ಅವಳಿಗಿರುವುದು ಎರಡೂ ಸಾಲು ಕಟ್ಟಿಸಿದ ಹಲ್ಲು.

“ಹೆದ್ರ್‌ಬೇಡ ಅಕ್ಕ, ನಾ ಇದ್ದೆ ಅಲ್ದಾ” ಎಂದೆ.

ಕೋಣೆಗೆ ಬೀಗ ಹಾಕಬೇಡಿ. ಮೇಡಂ ಅವರನ್ನು ಇಲ್ಲೇ ಉಳಿಸಿ. ಮುಂದಿನ ಮಂಗಳವಾರದಿಂದ ನಮ್ಮ ಚೀಟಿ ಸರಿಯಾದ ಬಾಗಿಲಿಗೇ ಇರುತ್ತದೆ, ಎಣಿಸಿಕೊಳ್ಳಿ. ಪತ್ರ ಓದಿ ಹೇಳಿದಾಗ ನಾಗು ಅಂದದ್ದಿಷ್ಟು: “ನನ್ ಹೆಸ್ರೂ ಬರಿ.”

ಇಂತಿ, ಹಲ್ಲುನೋವಿಲ್ಲದ ಇಬ್ಬರು,
ಬಚ್ಚ ಮೊಗವೀರ (ಒಂದು ಹಲ್ಲು ಕಡಿಮೆ)
ನಾಗು, ಸೂರನ ಅಕ್ಕ